ಇಳ್ಸಿ ಅಂತು, ಇಳ್ಸಿದ್ವಿ

ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಫ್ರೇಮ್‌ವರ್ಕಿನ ತಂಟೆಗೆ ಹೋಗಬಾರದು ಅನ್ನುವುದು ನಾನೇ ಮಾಡಿದ ನಿಯಮ. ಆ ವರ್ಷ ಅದನ್ನು ಮುರಿದೆ. ಬೇರೆ ದಾರಿ ಇರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ. ಹಾಗೆ ಅನ್ನಿಸುವುದರಿಂದ ಸಮಾಧಾನವೇನೂ ಆಗುವುದಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಮೊಬೈಲ್ ಆ್ಯಪ್‌ಗಳನ್ನು ಒಂದೊಂದಾಗಿ ಬುಡದಿಂದ ಕಟ್ಟುವುದಿಲ್ಲ. ಎಲ್ಲಕ್ಕೂ ಹೊಂದುವಂಥ ಒಂದು ಫ್ರೇಮ್‌ವರ್ಕ್ ಮಾಡಿಟ್ಟುಕೊಂಡು ಅದರ ಮೇಲೆ ಆ್ಯಪ್‌ಗಳನ್ನು ಕೂರಿಸುತ್ತೇವೆ. ಫ್ರೇಮ್‌ವರ್ಕಿನ ಕೆಳಗೆ ರನ್‌ಟೈಮ್ ಅಂತ ಇನ್ನೊಂದು ಇರುತ್ತದೆ. ಫೋನಿನೊಳಗೆ ನಮ್ಮ ಪ್ರೋಗ್ರಾಮನ್ನು ನಿಜವಾಗಿ ಓಡಿಸುವುದು ಅದು. ಅದನ್ನು ಮಾಡುವವರು ಎಲ್ಲೋ ಇದ್ದಾರೆ, ನಮ್ಮ ಮುಖ ನೋಡಿದವರಲ್ಲ. ರನ್‌ಟೈಮ್ ಒಲೆಯ ಬೆಂಕಿ, ಆ್ಯಪ್ ಪಾತ್ರೆ, ನಮ್ಮ ಫ್ರೇಮ್‌ವರ್ಕ್ ನಡುವಿನ ಮೂರು ಒಲೆಗುಂಡು ಅಂದುಕೊಳ್ಳಿ. ಅವರು ಬೆಂಕಿಯ ಜಾಗ ಬದಲಿಸಿದಾಗಲೆಲ್ಲ ನಾವು ಗುಂಡು ಜರುಗಿಸಬೇಕು, ಪಾತ್ರೆ ಅಲ್ಲಾಡದ ಹಾಗೆ, ಅದೂ ಅಡುಗೆ ಬೇಯುತ್ತಿರುವಾಗಲೇ.

ಹುಣಸೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ಬಿತ್ತನೆ ಬೀಜದ ಅಂಗಡಿಯ ಮಹಡಿ ಮೇಲೆ ನಮ್ಮ ಕೋಣೆ. ಕೆಲಸ ಮಾಡುವವರು ಇಬ್ಬರೇ: ನಾನು, ಮತ್ತು ನನ್ನ ಜೊತೆ ಇದೇ ಊರಲ್ಲಿ ಓದಿ ಈಗ ಹೊಸ ಅಗ್ರಹಾರದಿಂದ ದಿನಾ ಬೈಕಿನಲ್ಲಿ ಬಂದುಹೋಗುವ ಗೆಳೆಯ. ನಮ್ಮ ಫ್ರೇಮ್‌ವರ್ಕಿನ ಮೇಲೆ ಮೂರು ಆ್ಯಪ್‌ಗಳಿದ್ದವು. ಕೆ.ಆರ್. ನಗರದ ಕಡೆ ಹಾಲಿನ ಸೊಸೈಟಿಗಳದ್ದು ಒಂದು. ಎಚ್.ಡಿ. ಕೋಟೆಯ ಕಾಡಂಚಿನ ಗಿರಿಜನರ ಹಾಡಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಸುರಿ ಬಾಣಂತಿಯರಿಗೆ ವಾಹನ ಕರೆಸುವುದು ಇನ್ನೊಂದು. ಮೂರನೆಯದು ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳದ್ದು.

ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಹದ ಮಾಡುವ, ಇಲ್ಲಿನವರ ಮಾತಲ್ಲಿ ಬೇಯಿಸುವ, ಎತ್ತರದ ಕಟ್ಟಡ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಒಳಗೆ ಸಾಲಿನ ಮೇಲೆ ಸಾಲು ನೇತುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟಿ, ನೆಲದ ಮೇಲೆ ಹಾದುಹೋಗುವ ಕೊಳವೆಗಳಲ್ಲಿ ಬಿಸಿ ಹರಿಸುತ್ತಾರೆ. ಸುಮಾರು ಒಂದು ವಾರ ಒಲೆ ಆರುವಂತಿಲ್ಲ. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ಎಲೆ ನಡುವಿನ ದಪ್ಪ ದಂಟು ಒಣಗಬೇಕು. ದಂಟು ಹಸಿ ಉಳಿದರೆ ಸೊಪ್ಪಿಗೆ ಬೂಷ್ಟು ಹಿಡಿಯುತ್ತದೆ. ಬಿಸಿ ಮೀರಿದರೆ ಒಣಗಿದ ಎಲೆ ಕಾದ ಕೊಳವೆ ಮೇಲೆ ಉದುರಿ ಬ್ಯಾರನ್ನೇ ಉರಿದುಹೋಗುತ್ತದೆ. ಅದಕ್ಕೇ ಒಬ್ಬರು ಒಲೆ ಮುಂದೆ ಕಣ್ಣು ಮುಚ್ಚದೆ ಕೂರಬೇಕಿತ್ತು. ನಾವು ಒಳಗೊಂದು ಬಿಸಿ ಅಳೆಯುವ ತಂತಿ ಬಿಟ್ಟು, ಹೊರಗೋಡೆಯ ಮೊಳೆಗೆ ಒಂದು ಫೋನು ನೇತುಹಾಕಿದೆವು. ಬಿಸಿ ಮೀರಿದರೆ ಅದು "ಉರಿ ಇಳಿಸಿ" ಅಂತ ಕೂಗುತ್ತದೆ, ಕಮ್ಮಿಯಾದರೆ "ಉರಿ ಏರಿಸಿ" ಅನ್ನುತ್ತದೆ. ದನಿ ಮೈಸೂರಿನ ಒಬ್ಬರದು, ಸ್ವಚ್ಛವಾದ ಉಚ್ಚಾರಣೆ, ಪಾಠ ಓದಿದ ಹಾಗೆ.

ಆ ವರ್ಷ ರನ್‌ಟೈಮಿನವರು ಹಳೆಯ ಸೇತುವೆ ತೆಗೆದುಹಾಕಿದರು. ಸೇತುವೆ ಅಂದರೆ ಆ್ಯಪಿನ ಮಾತನ್ನು ಫೋನಿನ ಸ್ಪೀಕರು, ಕ್ಯಾಮೆರಾ, ಗಡಿಯಾರಗಳಿಗೆ ದಾಟಿಸುವ ಭಾಗ. ಮುಂದಿನ ಬೇಸಿಗೆಗೆ ನೋಡಿಕೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ಹಾಡಿಗಳ ಕಾರ್ಯಕರ್ತೆಯರಿಗೆ ಹೊಸ ಫೋನು ಕೊಟ್ಟರು. ಅದರಲ್ಲಿ ನಮ್ಮ ಆ್ಯಪು ತೆರೆಯುತ್ತಿದ್ದ ಹಾಗೇ ಬಿದ್ದುಹೋಗುತ್ತಿತ್ತು. "ಮೇಡಂ, ಗಾಡಿ ಕರ್ಸೋಕಾಯ್ತಾ ಇಲ್ಲ" ಅಂತ ಒಬ್ಬ ಕಾರ್ಯಕರ್ತೆ ಅಳುವ ದನಿಯಲ್ಲಿ ಹೇಳಿದ ದಿನ ನಿಯಮ ಮುರಿದೆ. ಮೂರಕ್ಕೂ ಒಂದೇ ಫ್ರೇಮ್‌ವರ್ಕ್. ಒಂದನ್ನು ಹೊಸ ರನ್‌ಟೈಮಿಗೆ ಒಯ್ದು ಉಳಿದೆರಡನ್ನು ಹಳೆಯದರಲ್ಲೇ ಕೂರಿಸುವುದು ಇಬ್ಬರಿಂದ ಆಗುವ ಕೆಲಸವಲ್ಲ.

ಮೊದಲ ಬಾರಿ ಬಿಲ್ಡ್ ಕೊಟ್ಟಾಗ, ಅಂದರೆ ಬರೆದದ್ದನ್ನೆಲ್ಲ ಸೇರಿಸಿ ಆ್ಯಪು ಕಟ್ಟಿಸಲು ಹೊರಟಾಗ, ಪರದೆ ತುಂಬ ಕೆಂಪು ತಪ್ಪುಗಳು. ಒಂದು ತಪ್ಪು ಸರಿಮಾಡಿದರೆ ಅದರ ಹಿಂದೆ ಅಡಗಿದ್ದ ಇನ್ನಷ್ಟು ಹೊರಬರುತ್ತಿದ್ದವು. ನಾವು ಬರೆದದ್ದನ್ನೇ ನಾವು ಗುರುತಿಸಲಾರದೆ "ಯಾವ ಕತ್ತೆ ಬರ್ದಿದ್ದೋ ಇದನ್ನ" ಅಂತ ಬೈದು, ಆಮೇಲೆ ಬರೆದವರ ಹೆಸರು ನೋಡಿದರೆ ನನ್ನದೇ ಇರುತ್ತಿತ್ತು. ಗೆಳೆಯ ನಗುತ್ತಿದ್ದ. ಅಂತೂ ಎಲ್ಲ ಪರೀಕ್ಷೆಗಳೂ ಹಸಿರಾದವು. ಮೇಜಿನ ಮೇಲೆ ಸಾಲಾಗಿಟ್ಟ ಫೋನುಗಳು ಒಂದೊಂದಾಗಿ "ಉರಿ ಇಳಿಸಿ" ಅಂದವು. ಹಾಡಿಗಳ ಫೋನಿನಲ್ಲಿ ಆ್ಯಪು ತೆರೆಯಿತು. ಹೊಸ ಆವೃತ್ತಿ ಬಿಟ್ಟೆವು. ಆ ವಾರ ಹುಣಸೂರು ಕಡೆಯ ಒಂದಿಬ್ಬರು "ನಿಮ್ ಫೋನು ತೊದಲ್ತದೆ ಕಣ್ರೀ" ಅಂದಿದ್ದರು. ಸಿಗ್ನಲ್ಲು ಇರಬೇಕು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪಿರಿಯಾಪಟ್ಟಣದ ಆಚೆ, ಕೊಡಗಿನ ರಸ್ತೆಯಿಂದ ಒಳಗಿರುವ ಒಂದು ಊರಿನಿಂದ ಫೋನು ಬಂತು. ಕರೆದವಳು ನಮ್ಮ ಆ್ಯಪನ್ನು ಮೊದಲು ಹಾಕಿಸಿಕೊಂಡವರಲ್ಲಿ ಒಬ್ಬಳು. ನಾನು ಅಕ್ಕ ಅನ್ನುತ್ತೇನೆ. ಅವಳ ಗಂಡನಿಗೆ ಉಬ್ಬಸ, ಹೊಗೆಸೊಪ್ಪಿನ ಗಾಳಿ ತಾಗಿದರೂ ಮಲಗಿಬಿಡುತ್ತಾನೆ. ಬ್ಯಾರನ್ನು ಮಾವನದು. ಅದನ್ನು ಯಾರು ನೋಡಿಕೊಳ್ಳಬೇಕು ಅಂತ ಹೇಳುವವನೂ ಅವನೇ. ಕಿರಿಯ ಮಗ ಇದ್ದರೂ ಮಾವ ಸೊಸೆಯ ಕೈಗೆ ಕೊಟ್ಟಿದ್ದ, ಅವಳ ಸೊಪ್ಪಿನ ಬಣ್ಣ ಹಾಗೆ ಬರುತ್ತಿತ್ತು. ಊರಲ್ಲಿ ಬ್ಯಾರನ್ ಯಜಮಾನಿಕೆ ಮಾಡುವ ಹೆಂಗಸು ಅವಳೊಬ್ಬಳೇ. ಮೈದುನನಿಗೆ ಅದು ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು.

"ಮೇಡಂ, ನಾನಿರ್ನಿಲ್ಲ ಕಣ್ರೀ. ನಮ್ಮೆಜಮಾನ್ರಿಗೆ ಉಸ್ರು ಕಟ್ತು ಅಂತ ಮೈಸೂರ್ಗೆ ಕರ್ಕೊಂಡೋಗಿದ್ದೆ. ಮಾವ ಇದ್ರು ಬ್ಯಾರನ್ ತಾವು. ಫೋನು ಇಳ್ಸಿ ಅಂತಂತೆ, ಇಳ್ಸವ್ರೆ. ದಂಟು ಅಸಿ ಅಂದ್ರೆ ಅಸಿ. ಸೊಪ್ಪೆಲ್ಲ ಆಳಾಯ್ತು."

"ಯಾವಾಗ ಇಳಿಸಿದ್ರು ಅಕ್ಕ?"

"ಮದ್ಯಾನ. ಫೋನು ಅಂದೇಟ್ಗೆ."

ಹಿಂದಿನಿಂದ ಮಾವ ಫೋನು ತೆಗೆದುಕೊಂಡ. "ಇಳ್ಸಿ ಅಂತು, ಇಳ್ಸಿದ್ವಿ ಕಣಮ್ಮ. ನಾನೇನ್ ಕಿವುಡ್ನಾ?"

ನನಗೆ ಎಲ್ಲ ಸ್ಪಷ್ಟವಾಗಿತ್ತು, ಅಥವಾ ಹಾಗಂದುಕೊಂಡೆ. ಫೋನು ಸುಮ್ಮಸುಮ್ಮನೆ "ಉರಿ ಇಳಿಸಿ" ಅಂದಿದೆ. ಮುದುಕ ಉರಿ ಇಳಿಸಿದ್ದಾನೆ. ಬಿಸಿ ಸಾಲದೆ ದಂಟು ಹಸಿಯಾಗಿ ಉಳಿದಿದೆ. ಅಂದರೆ ಅಳತೆ ತಪ್ಪು. ಹೊಸ ಸೇತುವೆ ಮೇಲೆ ಅಂಕಿಗಳು ಕೆಡುತ್ತಿವೆ.

ಮಾರನೆಯ ದಿನವೇ ಆ ಊರಿಗೆ ಹೋದೆ. ಜಗುಲಿ ಮೇಲೆ ರಾಶಿ ಹಾಕಿದ್ದ ಸೊಪ್ಪಿನಿಂದ ಹುಳಿ ವಾಸನೆ ಬರುತ್ತಿತ್ತು. ಅಕ್ಕ ಒಂದೆಲೆ ಎತ್ತಿ ದಂಟು ಬಗ್ಗಿಸಿದಳು. ಒಣಗಿದ್ದರೆ ಪಟಕ್ಕನೆ ಮುರಿಯಬೇಕು, ಅದು ಬಳ್ಳಿಯ ಹಾಗೆ ಬಾಗಿತು. ಮೈದುನ ಕಂಬಕ್ಕೆ ಒರಗಿ ನಿಂತಿದ್ದ.

"ಫೋನ್ ನಂಬ್ಕೊಂಡು ಸೊಪ್ಪು ಬೇಯಿಸ್ತೀನಿ ಅಂದ್ರೆ ಇನ್ನೇನಾಯ್ತದೆ?" ಅಂದ, ನನ್ನ ಮುಖ ನೋಡದೆ.

ಮಾವ ಒಂದೇ ಮಾತು ಹೇಳಿದ. "ಮುಂದಿನ್ ಬ್ಯಾರನ್ನು ಅವ್ಳೇ ಬೇಯಿಸ್ಲಿ. ಅದೂ ಇಂಗಾದ್ರೆ ಚಿಕ್ಕೋನ್ ಕೈಗೆ."

ಅಕ್ಕ ನನ್ನನ್ನು ಗೇಟಿನವರೆಗೆ ಬಿಡಲು ಬಂದಳು. "ಇದೊಂದು ತಪ್ಪೋದ್ರೆ ಮೇಡಂ, ನಾನೂ ಆಳುಗಳ ಜೊತೆ ಕೂತ್ಕೊಂಡು ಕಡ್ಡಿ ಕಟ್ಟೋಳೇ. ಇವ್ರಿಗೋ ಕೆಲ್ಸ ಮಾಡೋಕಾಗಕಿಲ್ಲ. ಆಮ್ಯಾಕೆ ಆ ಮನೇಲಿ ನಮ್ ಮಾತು ಯಾರ್ ಕೇಳಾರು?" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಗೆಳೆಯ ಕೋಣೆಯಲ್ಲಿ ಕಾಯುತ್ತಿದ್ದ. "ಅವ್ಳ ಫೋನಿಗೆ ಹಳೇದನ್ನೇ ಹಾಕ್ಬುಡು ಕಣೇ. ಈ ಸೀಸನ್ ಮುಗೀಲಿ" ಅಂದ.

"ಸರ್ವರ್ ಹೊಸ ರೀತಿಗೆ ಹೋಗಿದೆಯಲ್ಲೋ. ಹಳೇದು ಅದರ ಜೊತೆ ಮಾತಾಡಲ್ಲ."

"ಸರ್ವರ್ ಇಲ್ದಿದ್ರೂ ಕೂಗ್ತದಲ್ಲ. ಅವ್ಳಿಗೆ ಬೇಕಾಗಿರೋದು ಕೂಗು ಅಷ್ಟೇ."

ಅವನು ಹೇಳಿದ್ದು ಸರಿ. ಆದರೆ ಒಂದು ಫೋನಿಗೆ ಹಳೆಯದನ್ನು ಹಾಕಿದರೆ ತಪ್ಪು ಸಿಗುವುದಿಲ್ಲ, ಉಳಿದ ಬ್ಯಾರನ್‌ಗಳಲ್ಲಿ ಅದು ಹಾಗೇ ಕೂತಿರುತ್ತದೆ ಅಂತ ನಾನು ಹಟ ಹಿಡಿದೆ. ತಪ್ಪು ಹುಡುಕಿ ಸರಿ ಮಾಡಿಯೇ ಅವಳಿಗೆ ಕೊಡುತ್ತೇನೆ ಅಂದೆ. ಅವನು ಕೈ ಎತ್ತಿ ತನ್ನ ಕುರ್ಚಿಗೆ ಹೋದ. ಆ ಘಳಿಗೆಯಲ್ಲಿ ತೀರ್ಮಾನವಾದದ್ದು ಬರೀ ಫೋನಿನ ವಿಷಯ ಅಂದುಕೊಂಡಿದ್ದೆ.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಅಂಕಿಗಳ ಬೆನ್ನು ಹತ್ತಿದೆವು. ತಂತಿಯನ್ನು ಕುದಿಯುವ ನೀರಿನ ಚೊಂಬಿಗೆ ಇಳಿಬಿಟ್ಟು ಅಳತೆ ನೋಡಿದೆವು. ಫೋನು ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗನ್ನು ಸಾಲುಸಾಲು ಓದಿದೆವು. ಲಾಗಿನ ಪ್ರಕಾರ ಆ ಮಧ್ಯಾಹ್ನ ಬಿಸಿ ನಿಜವಾಗಿಯೂ ಮಿತಿ ಮೀರಿತ್ತು, ಕೂಗು ಹೋಗಿತ್ತು, ಕೂಗು ಪೂರ್ತಿ ಮುಗಿಯಿತು ಅಂತಲೂ ಬರೆದಿತ್ತು. ಅದನ್ನು ನಂಬಬೇಕಿತ್ತು. ನಾನು ಲಾಗೇ ಸುಳ್ಳು ಹೇಳುತ್ತಿದೆ ಅಂತ ತೀರ್ಮಾನಿಸಿ ಇನ್ನೂ ಆಳಕ್ಕೆ ಅಗೆದೆ. ಅಲ್ಲಿ ಅಕ್ಕ ಮುಂದಿನ ಕೊಯ್ಲಿನ ಎಲೆ ಕಟ್ಟಿಸಿ ಬ್ಯಾರನ್ ತುಂಬಿಸಿ ಒಲೆ ಹಚ್ಚಿದ್ದಳು, ಬೆಳೆದ ಎಲೆ ಗಿಡದಲ್ಲಿ ಕಾಯುವುದಿಲ್ಲ.

ಕೊನೆಗೂ ಒಂದು ತಪ್ಪು ಸಿಕ್ಕಿತು. ಹಳೆಯ ಸೇತುವೆ ಅಳತೆಗಳನ್ನು ಒಂದರ ಹಿಂದೆ ಒಂದು ದಾಟಿಸುತ್ತಿತ್ತು. ಹೊಸದು ಕಾಯುತ್ತಿದ್ದವನ್ನೆಲ್ಲ ಒಟ್ಟಿಗೆ ತಂದು ಸುರಿಯುತ್ತಿತ್ತು, ಒಮ್ಮೊಮ್ಮೆ ಹಳೆಯ ಅಳತೆ ಕೊನೆಗೆ ಬಂದು ಈಗಿನದ್ದರ ಹಾಗೆ ಕೂರುತ್ತಿತ್ತು. ಇದೇ ಕಳ್ಳ ಅಂದೆ. ಪ್ರತಿ ಅಳತೆಗೂ ಹೊತ್ತಿನ ಗುರುತು ಕಟ್ಟಿದೆವು, ಸರಿಹೋಯಿತು. ಗೆಳೆಯ ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ತಂದ. ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ತುಂಬ ತಿಂದೆ.

ಹೊಸ ಆವೃತ್ತಿಯನ್ನು ನನ್ನ ಕೈಯಾರೆ ಹಾಕಬೇಕೆಂದು ಮತ್ತೆ ಹೊರಟೆ. ಅಕ್ಕನ ಬ್ಯಾರನ್ನು ಕೊನೆಯ ಘಟ್ಟಕ್ಕೆ ಬಂದಿತ್ತು. ಎಲೆ ಒಣಗಿ ದಂಟು ಒಣಗುತ್ತಿತ್ತು. ಗೋಡೆಯ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿದೆ. ಒಳಗೆಲ್ಲ ನಿಂಬೆಹಣ್ಣಿನ ಬಣ್ಣ. ಅಕ್ಕನ ಮುಖದಲ್ಲಿ ಎಷ್ಟೋ ದಿನಕ್ಕೆ ನಗು ಕಂಡಿತು. "ಈ ಸಲ ಮಾವನೂ ಬಾಯಿ ಬುಡಂಗಿಲ್ಲ" ಅಂದಳು. ನಾನು ಫೋನನ್ನು ಕೈಲಿ ಹಿಡಿದು ಹೊಸ ಆವೃತ್ತಿ ಹಾಕಿ ಪರೀಕ್ಷೆ ಒತ್ತಿದೆ. "ಉರಿ ಇಳಿಸಿ" ಅಂತ ಗಟ್ಟಿಯಾಗಿ, ಸ್ಪಷ್ಟವಾಗಿ ಕೂಗಿತು. ಮೊಳೆಗೆ ನೇತುಹಾಕಿದೆ. ಅಕ್ಕ, "ನೀವಿದ್ದೀರಲ್ಲ, ನಾನು ಒಂದ್ ಗಳಿಗೆ ಒಲದ ತಾವು ಓಗ್ಬತ್ತೀನಿ, ಎಲೆ ಮುರಿಯೋರು ಕಾಯಿ ಎಲೆನೂ ಮುರ್ದ್ಬುಡ್ತಾರೆ" ಅಂತ ಹೊಲಕ್ಕೆ ಹೋದಳು.

ನಾನು ಚಪ್ಪರದ ಕೆಳಗೆ, ಕಡ್ಡಿ ಕಟ್ಟುವ ಹೆಂಗಸರ ಪಕ್ಕ ಕುಳಿತೆ. ಮಾವ ಒಲೆಯಿಂದ ಸ್ವಲ್ಪ ದೂರದ ಕಲ್ಲಿನ ಮೇಲಿದ್ದ. ಬಿಸಿಲು ಏರಿತು. ಕೆಲಸದವನು ಒಲೆಗೆ ದೊಡ್ಡ ದೊಡ್ಡ ಕೊರಡು ನೂಕಿ ಹೋದ. ಬಹಳ ಹೊತ್ತಾದ ಮೇಲೆ ಫೋನು ಕೂಗಿತು.

ಹೆಂಗಸರು ಕೈಯಲ್ಲಿದ್ದ ಎಲೆ ಬಿಟ್ಟು ಎದ್ದರು. ಮಾವ "ಕೇಳ್ತಲ್ಲ, ಈ ಸಲ ಸರಿ ಮಾಡವ್ರೆ, ಬಾಗ್ಲು ತಗೀಲಾ" ಅಂತ ಕಿರಿಯ ಮಗನಿಗೆ ಹೇಳಿದ. ನನಗೂ ಕೂಗು ಕೇಳಿತ್ತು. ಉರಿ ಇಳಿಸಿ ಅಂತಲೇ ಕೇಳಿತ್ತು. ಸರಿಯಾಗಿಯೇ ಇದೆ, ಬಿಸಿ ಮೀರಿದೆ, ಈಗ ಯಾರಾದರೂ ಒಲೆಯಿಂದ ಸೌದೆ ಎಳೆಯುತ್ತಾರೆ ಅಂತ ಒಲೆಯ ಕಡೆಗೆ ನೋಡುತ್ತ ಕೂತೆ. ಒಲೆಯ ಕಡೆಗೆ ಯಾರೂ ಹೋಗಲಿಲ್ಲ. ಎಲ್ಲರೂ ಬ್ಯಾರನ್ ಬಾಗಿಲಿಗೆ ಹೋದರು. ಮೈದುನ ಬಾಗಿಲು ತೆಗೆದ. ಕೆಳಗಿನ ಸಾಲಿನ ಕಡ್ಡಿಗಳು ಒಂದೊಂದಾಗಿ ಹೊರಗೆ ಬರತೊಡಗಿದವು.

ಫೋನು ಮತ್ತೆ ಕೂಗಿತು. ಈ ಸಲ ನಾನು ಕಿವಿಗೊಟ್ಟು ಕೇಳಿದೆ.

"...ಳಿಸಿ."

ಆ ಊರುಗಳಲ್ಲಿ ಬ್ಯಾರನ್ ಮುಂದೆ ನಿಂತು "ಇಳಿಸಿ" ಅಂದರೆ ಒಂದೇ ಅರ್ಥ: ಸೊಪ್ಪು ಬೆಂದಿದೆ, ಕಡ್ಡಿ ಕೆಳಗಿಳಿಸಿ, ಬ್ಯಾರನ್ ಖಾಲಿ ಮಾಡಿ. "ಇಳ್ಸಿ ಅಂತು, ಇಳ್ಸಿದ್ವಿ" ಅಂತ ಮುದುಕ ಅವತ್ತು ಹೇಳಿದ್ದು ಉರಿಯ ಮಾತನ್ನಲ್ಲ, ಸೊಪ್ಪಿನ ಮಾತನ್ನು. ನಾನು ಉರಿ ಅನ್ನುವುದನ್ನು ನಾನೇ ಸೇರಿಸಿಕೊಂಡು ಕೇಳಿದ್ದೆ, ಫೋನಿನಲ್ಲೂ, ಈಗ ಇಲ್ಲಿ ಕೂತೂ.

"ಇಳಿಸಬೇಡಿ! ಉರಿ! ಒಲೆ ಉರಿ ಕಮ್ಮಿ ಮಾಡಿ!" ಅಂತ ಕೂಗುತ್ತ ಓಡಿದೆ. ಅಷ್ಟರಲ್ಲಿ ಒಳಗಿನಿಂದ ಸುಟ್ಟ ವಾಸನೆ ಬಂತು. ಕಡ್ಡಿ ಎಳೆಯುವಾಗ ಉದುರಿದ ಒಣ ಎಲೆ ಕೊಳವೆ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಮೈದುನ ಕೆಟ್ಟವನಲ್ಲ, ಹೊಗೆ ಕಂಡದ್ದೇ ಹಿಂದೆ ಮುಂದೆ ನೋಡದೆ ಒಲೆಗೆ ನುಗ್ಗಿ ಉರಿಯುವ ಕೊರಡುಗಳನ್ನು ಎಳೆದು ಹೊರಹಾಕಿದ. ಹೆಂಗಸರು ಕೊಡ ತಂದು ಸುರಿದರು. ಹೊಲದಿಂದ ಅಕ್ಕ ಸೆರಗು ಬಿಗಿದು ಓಡಿ ಬಂದಳು. ಬ್ಯಾರನ್ ಉಳಿಯಿತು. ಸೊಪ್ಪು ಉಳಿಯಲಿಲ್ಲ. ಮೇಲಿನ ಸಾಲುಗಳು ಸೀದು ಕಂದಾಗಿದ್ದವು, ಕೆಳಗಿನವು ನೀರು, ಹೊಗೆ ಕುಡಿದು ಮುದುರಿದ್ದವು. ಅಕ್ಕ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು, ಅಷ್ಟೇ.

ನಾನು ಮಾವನ ಮುಂದೆ ನಿಂತು ಎಲ್ಲ ಬಿಡಿಸಿ ಹೇಳಿದೆ. ಫೋನು ಹೇಳಬೇಕಾಗಿದ್ದು ಉರಿ ಇಳಿಸಿ ಅಂತ, ಮೊದಲ ಮಾತು ನುಂಗಿಹೋಗಿದೆ ಅಂದೆ.

"ಉರಿ ಅನ್ನೋ ಮಾತೇ ಬರ್ನಿಲ್ಲ ಕಣಮ್ಮ. ಇವ್ರ್ನೆಲ್ಲ ಕೇಳು ಬೇಕಾರೆ."

ಕಡ್ಡಿ ಕಟ್ಟುವವಳೊಬ್ಬಳು ಹೌದು ಅಂದಳು. "ಮೊನ್ನೆ ಏರ್ಸಿ ಅಂತೂ ಅಂತು. ತುಂಬಿರೋ ಬ್ಯಾರನ್ಗೆ ಇನ್ನೇನವ್ವ ಏರ್ಸದು ಅಂತ ನಕ್ಕಂಡು ಸುಮ್ಕಾದೊ." ಕಡ್ಡಿಯನ್ನು ಮೇಲಕ್ಕೆ ಹತ್ತಿಸುವುದಕ್ಕೂ ಅಲ್ಲಿ ಏರಿಸುವುದು ಅಂತಲೇ ಹೇಳುತ್ತಾರೆ. ಒಬ್ಬರಾದರೂ ಆ ನಗೆಯನ್ನು ನನಗೆ ಫೋನು ಮಾಡಿ ಹೇಳಿದ್ದರೆ!

"ಹಾಗಾದ್ರೆ ತಪ್ಪು ನಮ್ಮದು. ಅಕ್ಕನದೇನೂ ಇಲ್ಲ. ಎರಡು ಸಲವೂ ಅವಳು ಇಲ್ಲಿರಲೂ ಇಲ್ಲ" ಅಂದೆ. ದನಿ ಏರಿತ್ತು. ಹಿರಿಯರ ಮುಂದೆ ಹಾಗೆ ಮಾತಾಡಬಾರದು ಅಂತ ಗೊತ್ತಿದ್ದೂ ಏರಿಸಿದೆ.

ಮಾವ ಸಿಟ್ಟಾಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ. "ತಪ್ಪು ನಿಮ್ದೇ ಇರ್ಬೌದು ಕಣಮ್ಮ. ಫೋನ್ ತಂದೋಳು ಅವ್ಳು" ಅಂದ. ಎರಡು ಸಲ ಬಾಗಿಲು ತೆಗೆಸಿದವನು ತಾನು ಅನ್ನುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಊರ ಜನ ಸುತ್ತ ನಿಂತಿದ್ದರು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಮುಖ ಅವನದಲ್ಲ. ಬ್ಯಾರನ್ನು ಚಿಕ್ಕವನ ಕೈಗೆ ಹೋಯಿತು.

ಮೊಳೆಯ ಫೋನನ್ನು ಬಿಚ್ಚಿಕೊಂಡು ಹುಣಸೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅಳು ತಡೆಯಲು ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು 'ಯಾರು ಹೋದರಮ್ಮ' ಅನ್ನುವ ಹಾಗೆ ನೋಡಿದಳು. ಗೆಳೆಯನ ಮಾತು ಕೇಳಿ ಹಳೆಯದನ್ನು ಹಾಕಿದ್ದರೆ ಅವಳ ಬ್ಯಾರನ್ನು ಅವಳ ಕೈಯಲ್ಲಿರುತ್ತಿತ್ತು. ಕೋಣೆಗೆ ಬಂದಾಗ ಅವನು ಅದನ್ನು ಎತ್ತಿ ಆಡಲಿಲ್ಲ. "ಫೋನ್ ಕೊಡು, ನೋಡಾಣ" ಅಂದ.

ನಾವು ಆಗ ಮಾಡಿದ್ದು ಮೊದಲೇ ಮಾಡಬೇಕಿದ್ದ ಪರೀಕ್ಷೆ: ಫೋನನ್ನು ಗೋಡೆಗೆ ನೇತುಹಾಕಿ ಸುಮ್ಮನೆ ಬಿಟ್ಟೆವು. ಮೇಜಿನ ಮೇಲಿನ ಫೋನುಗಳನ್ನು ನಾವು ಸದಾ ಮುಟ್ಟುತ್ತಿರುತ್ತೇವೆ, ಅವು ಎಚ್ಚರವಾಗಿರುತ್ತವೆ. ಮೊಳೆಯ ಫೋನು ತಾಸುಗಟ್ಟಲೆ ನಿದ್ದೆ ಮಾಡುತ್ತದೆ. ಹಳೆಯ ಸೇತುವೆ ಸ್ಪೀಕರನ್ನು ಎಬ್ಬಿಸಿ, ಅದು ಎದ್ದು ಕೂರುವವರೆಗೆ ಕಾದು, ಆಮೇಲೆ ಕೂಗಿಸುತ್ತಿತ್ತು. ಹೊಸದು ಕಾಯುವುದಿಲ್ಲ. ಕೂಗು ಕಳಿಸಿ ತನ್ನ ಕೆಲಸ ಮುಗಿಯಿತು ಅಂತ ಹೊರಟುಬಿಡುತ್ತದೆ. ಸ್ಪೀಕರು ಕಣ್ಣು ಬಿಡುವಷ್ಟರಲ್ಲಿ ಮೊದಲ ಪದ ಕಳೆದುಹೋಗಿರುತ್ತದೆ. ಲಾಗು ಸುಳ್ಳು ಹೇಳಿರಲಿಲ್ಲ. ಕೂಗು ಪೂರ್ತಿ ಮುಗಿದಿತ್ತು, ಪೂರ್ತಿ ಕೇಳಿಸಿರಲಿಲ್ಲ ಅಷ್ಟೇ.

ರನ್‌ಟೈಮಿನವರಿಗೆ ಬರೆದೆವು. ಇದು ತಪ್ಪಲ್ಲ, ಹೀಗೇ ಇರಬೇಕೆಂದು ಮಾಡಿದ್ದು, ಸ್ಪೀಕರು ಸಿದ್ಧ ಅನ್ನುವ ಸೂಚನೆ ಬರುವವರೆಗೆ ನೀವೇ ಕಾಯಬೇಕು ಅಂತ ಉತ್ತರ ಬಂತು. ಕಾದೆವು. ಅಗ್ಗದ ಫೋನುಗಳು ಸಿದ್ಧವಾಗುವ ಮೊದಲೇ ಸಿದ್ಧ ಅನ್ನುತ್ತಿದ್ದವು. ಗೆಳೆಯ ಪ್ರತಿ ಕೂಗಿನ ಮುಂದೆ ಒಂದಿಷ್ಟು ಮೌನ ಸೇರಿಸಿದ. ಒಂದು ಜಾತಿಯ ಫೋನು ಆ ಮೌನವನ್ನು ಸದ್ದೇ ಅಲ್ಲವೆಂದು ಲೆಕ್ಕಿಸಿ ಮಲಗೇ ಇರುತ್ತಿತ್ತು, ಮಾತು ಶುರುವಾದ ಮೇಲೆ ಏಳುತ್ತಿತ್ತು. ನಾವು ಎಲ್ಲ ಬ್ಯಾರನ್‌ಗಳಿಗೂ ಫೋನು ಮಾಡಿ, ಸರಿಹೋಗುವವರೆಗೆ ಒಲೆ ಮುಂದೆ ಮನುಷ್ಯರೇ ಕೂರಲಿ ಅಂತ ಹೇಳಿದೆವು. ಹೇಳಿಸಿಕೊಂಡವರ ಬೈಗುಳ ನ್ಯಾಯವಾಗಿಯೇ ಇತ್ತು.

ಹಾಗೆ ಕೈ ಸೋತು ಕೂತಿದ್ದಾಗ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಗಂಡನ ಔಷಧಿಗೆ ಹುಣಸೂರಿಗೆ ಬಂದಿದ್ದಳು. ಅವಳನ್ನು ನೋಡಿ ನನಗೆ ಎದ್ದು ನಿಲ್ಲಬೇಕೋ ಕೂರಬೇಕೋ ತಿಳಿಯಲಿಲ್ಲ.

"ಎದ್ರುಕೋಬೇಡಿ, ಜಗ್ಳಕ್ಕೆ ಬರ್ನಿಲ್ಲ" ಅಂದಳು. "ಅದು ಸರಿಯೋಯ್ತಾ ಅಂತ ಕೇಳಾಣ ಅಂತ ಬಂದೆ. ಇನ್ನೊಬ್ಳು ಯಾವಳ್ದಾರ ಸೊಪ್ಪು ಆಳಾಗೋದು ಬ್ಯಾಡ."

ಸರಿಹೋಗಿಲ್ಲ ಅಂದೆ. ಆಮೇಲೆ ಯಾಕೋ ಕೇಳಿದೆ: "ಅಕ್ಕ, ನೀವು ಹೊಲದಲ್ಲಿದ್ದೀರಿ, ಒಲೆ ಉರಿ ಜಾಸ್ತಿಯಾಗಿದೆ ಅಂತ ಕಾಣ್ತು. ಅಲ್ಲಿಂದಲೇ ಏನಂತ ಕೂಗಿ ಹೇಳ್ತೀರಿ?"

"ಏಯ್, ಕೇಳುಸ್ತಾ? ಸೌದೆ ಎಳೀರಿ, ಅಂತೀನಿ." ನಾನು ಕೇಳಿದ್ದೇ ವಿಚಿತ್ರ ಅನ್ನುವ ಹಾಗೆ ನೋಡಿದಳು. "ಇಳ್ಸಿ ಅಂತ ಯಾರಾರ ಅಂತಾರ?"

ನಾನು ಗೆಳೆಯನ ಮುಖ ನೋಡಿದೆ. ಈ ಕಡೆ ಯಾರೂ ಕರೆಯದೆ ವಿಷಯ ಹೇಳುವುದಿಲ್ಲ. ಮೊದಲು ಏಯ್ ಅನ್ನುತ್ತಾರೆ, ಕೇಳುಸ್ತಾ ಅನ್ನುತ್ತಾರೆ, ಎದುರಿನವರು ತಿರುಗಿದ ಮೇಲೆ ಮಾತು. ಆ ಏಯ್‌ನಲ್ಲಿ ಎಂಥ ಫೋನು ಬೇಕಾದರೂ ಎದ್ದು ಕೂರುತ್ತದೆ. ಅದು ನುಂಗಿಹೋದರೂ ನಷ್ಟವಿಲ್ಲ. ಸೌದೆ ಎಳೀರಿ ಅನ್ನುವುದಕ್ಕೆ ಬ್ಯಾರನ್ ಮುಂದೆ ಇನ್ನೊಂದು ಅರ್ಥವೂ ಇಲ್ಲ. ರನ್‌ಟೈಮ್ ಸರಿಯಾಗಲಿ ಅಂತ ಕಾಯುವುದನ್ನು ಅಲ್ಲಿಗೆ ಬಿಟ್ಟೆವು. ಇನ್ನು ಮೇಲೆ ಯಾವ ಕೂಗೂ ಮೊದಲು ಕರೆಯದೆ ವಿಷಯಕ್ಕೆ ಬರಬಾರದು ಅಂತ ಫ್ರೇಮ್‌ವರ್ಕಿನಲ್ಲೇ ಕಟ್ಟಿದೆವು, ಹಾಡಿಗಳ ಆ್ಯಪಿಗೂ ಸೇರಿಸಿ.

"ಅಕ್ಕ, ಅದನ್ನೇ ಇದರಲ್ಲಿ ಹೇಳ್ತೀರಾ?" ಅಂತ ಫೋನು ಮುಂದೆ ಹಿಡಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಬೇಡ ಅನ್ನುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಎದ್ದು ಹೋಗುತ್ತಿದ್ದೆ. ಅವಳು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಹೊಲದ ಬದುವಿನ ಮೇಲೆ ನಿಂತವಳ ಹಾಗೆ ಕೂಗಿದಳು. ಕೆಳಗಿನ ಬೀಜದ ಅಂಗಡಿಯವನು ಏನಾಯಿತೆಂದು ಮೆಟ್ಟಿಲಿಗೆ ಓಡಿ ಬಂದ.

ಎಲ್ಲ ಫೋನುಗಳಲ್ಲೂ ಅದು ಸರಿಯಾಗಿ ಕೇಳಿಸಿತು. ಬಿಡುಗಡೆ ಮಾಡಿದೆವು.

ಸೊಪ್ಪಿನ ಕಾಲ ಮುಗಿಯುವ ಮೊದಲು ಮತ್ತೆ ಆ ಊರಿಗೆ ಹೋದೆ. ಸರಿಮಾಡಿ ಕಳಿಸಿದ್ದ ಫೋನನ್ನು ಮೈದುನ ಮತ್ತೆ ಮೊಳೆಗೆ ಹಾಕಿಕೊಂಡಿದ್ದ, ಅದನ್ನು ನೋಡಿಬರಬೇಕಿತ್ತು, ಹೋಗಲು ಕಾಲು ಬರುತ್ತಿರಲಿಲ್ಲ. ಮಾವ ಅದೇ ಕಲ್ಲಿನ ಮೇಲಿದ್ದ. ಮೈದುನ ಒಲೆಯ ಪಕ್ಕ ಟವೆಲು ಹಾಸಿ ಅಡ್ಡಾಗಿದ್ದ. ಅಕ್ಕ ಚಪ್ಪರದ ಕೆಳಗೆ ಆಳುಗಳ ಸಾಲಿನಲ್ಲಿ ಕೂತು ಕಡ್ಡಿ ಕಟ್ಟುತ್ತಿದ್ದಳು. ನನ್ನನ್ನು ನೋಡಿ ತಲೆ ಆಡಿಸಿದಳು, ಕೈ ನಿಲ್ಲಿಸಲಿಲ್ಲ. ಅವಳೆದುರು ಕೂರುವ ಧೈರ್ಯ ನನಗೆ ಬರಲಿಲ್ಲ, ಕಂಬದ ಹತ್ತಿರವೇ ನಿಂತೆ.

ಮಧ್ಯಾಹ್ನದ ಹೊತ್ತಿಗೆ ಮೊಳೆಯ ಮೇಲಿನ ಫೋನು ಕೂಗಿತು.

"ಏಯ್, ಕೇಳುಸ್ತಾ? ಸೌದೆ ಎಳೀರಿ! ಸೌದೆ ಎಳೀರಿ!"

ಮೈದುನ ಕಣ್ಣು ತೆರೆದು, ಒಮ್ಮೆ ಫೋನಿನ ಕಡೆಗೆ, ಒಮ್ಮೆ ಚಪ್ಪರದ ಕಡೆಗೆ ನೋಡಿ, ಎದ್ದೇಳದೆ ಹಾಗೇ ಮಲಗಿದ. ಅಕ್ಕನ ಕೈ ಕಡ್ಡಿಯ ಮೇಲೆ ನಿಂತಿತು.

ಮಾವ ಕಲ್ಲಿನಿಂದ ಎದ್ದು ಕೋಲು ನೆಲಕ್ಕೆ ಕುಟ್ಟಿದ.

"ಕೇಳುಸ್ನಿಲ್ವೇನ್ಲಾ? ನಿಮ್ಮತ್ಗೆ ಕೂಗಿ ಏಳ್ತಾವ್ಳಲ್ಲ, ಎದ್ದು ಸೌದೆ ಎಳಿ."

ಮೈದುನ ಎದ್ದು ಒಲೆಯಿಂದ ಉರಿಯುವ ಕೊರಡುಗಳನ್ನು ಒಂದೊಂದಾಗಿ ಎಳೆದು ಹಾಕಿದ. ಅಕ್ಕ ತಲೆ ಎತ್ತಲಿಲ್ಲ. ಅವನು ಕೊನೆಯ ಕೊರಡು ಎಳೆಯುವವರೆಗೂ ಹಾಗೇ ಕೂತಿದ್ದು, ಆಮೇಲೆ ಕೈಯಲ್ಲಿದ್ದ ಎಲೆಗೆ ಗಂಟು ಹಾಕಿದಳು.